ಹತ್ತೊಂಬತ್ತು ರಾತ್ರಿ

ಸೆಗೆಡ್ ಊರಲ್ಲಿ, ಟೀಸಾ ನದಿಗೆ ಬೆನ್ನು ಹಾಕಿ ನಿಂತ ಕಟ್ಟಡ,
ನೆಲಮಾಳಿಗೆಯ ಮೂರನೇ ಬಾಗಿಲು.
ಒಳಗೆ ಎಟೆಲ್ಕಾ, ಒಂದು ಗಾಜಿನ ಹಲಗೆ,
ಚಿಟಿಕೆ ಕಾರ್ಬೊರಂಡಂ ಪುಡಿ, ನಲ್ಲಿಯ ನೀರು.
ಮೂವತ್ತೊಂದು ವರ್ಷದಿಂದ
ಅವಳ ಕೆಲಸ ಹಲ್ಲು ತೇಯುವುದು.

ಮೊದಲ ದಿನ ನನ್ನನ್ನು ಕೇಳಿದ್ದು ಇಷ್ಟೇ:
"ಉಗುರು ಕತ್ತರಿಸಿದ್ದೀಯಾ, ಬೋರ್ಕಾ?"

ಆಮೇಲೆ ಒಂದು ಸೀಸೆ ತೋರಿಸಿದಳು. ಆಸಿಡ್.
ಅದರಲ್ಲಿ ಬಿಟ್ಟ ಹಲ್ಲು
ವಾರಗಳಲ್ಲಿ ಮೆತ್ತಗಾಗುತ್ತದೆ, ಬಾಗುತ್ತದೆ,
ಗಿಣ್ಣಿನ ಹಾಗೆ ಬ್ಲೇಡಿಗೆ ಸಿಗುತ್ತದೆ.
"ಸರಿ. ಎನಾಮೆಲ್ ಎಲ್ಲಿ, ಹುಡುಕು."
ಇರಲಿಲ್ಲ.
ಮೈಯಲ್ಲೆಲ್ಲ ಗಟ್ಟಿ ಅನಿಸಿಕೊಂಡದ್ದು
ಒಂದು ಕಲೆಯನ್ನೂ ಬಿಡದೆ ಹೋಗಿತ್ತು.
ಒಳಗಿನ ಡೆಂಟೀನ್ ಮಾತ್ರ ನಿಂತಿತ್ತು
ಟೊಪ್ಪಿ ಕಳಕೊಂಡ ಅಂಚೆಯವನಂತೆ.
"ಗಟ್ಟಿಯವರನ್ನು ನೋಡಬೇಕಾದರೆ
ತೇಯದೆ ದಾರಿಯಿಲ್ಲ."

ಹಾಗೆ ಬಂತು ನಮ್ಮ ಪಾಲಿಗೆ ಆ ಹಾಲುಹಲ್ಲು.
ಟ್ರಾಮ್ ಹಳಿಗೆಂದು ಅಗೆದಾಗ ಸಿಕ್ಕ ಹಳೆಯ ಸ್ಮಶಾನ,
ನಲವತ್ತೇಳನೇ ಗುಂಡಿ, ಹೆಸರಿಲ್ಲ.
ಕೋರೆಹಲ್ಲು. ಜೋಳದ ಕಾಳಿಗಿಂತ ಚೂರು ದೊಡ್ಡದು.

ವಜ್ರದ ಗರಗಸ ಮುಟ್ಟಿದ್ದೇ ಸುಟ್ಟ ಕೂದಲಿನ ವಾಸನೆ.
ಎಟೆಲ್ಕಾ ನೀರಿನ ಧಾರೆ ಹೆಚ್ಚಿಸಿದಳು:
"ವಾಸನೆ ಬಂತೆಂದರೆ ಬಿಸಿ, ಬಿಸಿಯಾದರೆ ಬಿರುಕು."
ನಡುವಿನಿಂದ ಒಂದು ಬಿಲ್ಲೆ.
ಒಂದು ಮುಖ ತೇಯ್ದು, ಗಾಜಿಗೆ ಅಂಟಿಸಿ, ಇನ್ನೊಂದು ಮುಖ.
ಒರಟು ಪುಡಿ, ಆಮೇಲೆ ಸಣ್ಣದು, ಕೊನೆಗೆ ಹಿಟ್ಟಿನಂಥದು.
ಎಂಟು ಬರೆದ ಹಾಗೆ ಬೆರಳು ಓಡಬೇಕು,
ಒಂದೇ ಕಡೆ ಒತ್ತಿದರೆ ಅಂಚು ಚಕ್ಕೆ ಏಳುತ್ತದೆ.
ಗಂಧ ತೇಯ್ದರೆ ತೇಯ್ದದ್ದು ಹಣೆಗಾಯಿತು;
ಇಲ್ಲಿ ತೇಯ್ದದ್ದೆಲ್ಲ ಮೋರಿಗೆ,
ತೇಯದೆ ಬಿಟ್ಟದ್ದೇ ನಮ್ಮದು.

ಎಷ್ಟು ತೆಳ್ಳಗೆ?
ಪತ್ರಿಕೆಯ ಮೇಲಿಟ್ಟರೆ ಅಕ್ಷರ ಕಾಣುವಷ್ಟು.
ಆವತ್ತು ಸಿಕ್ಕಿದ್ದು ಹವಾಮಾನದ ಪುಟ.
ಹಲ್ಲಿನ ಮೂಲಕ ಓದಿದೆ:
ದಕ್ಷಿಣದ ಗಾಳಿ, ಬೆಳಿಗ್ಗೆ ಮಂಜು.

ಸೂಕ್ಷ್ಮದರ್ಶಕದಡಿ ಡೆಂಟೀನಿನ ಕೊಳವೆಗಳು
ಒಣಗಿ, ಗಾಳಿ ಹೊಕ್ಕು, ಕಪ್ಪಗೆ,
ಒಂದೇ ದಿಕ್ಕಿಗೆ ಬಾಗಿದ ಹೊಳೆದಂಡೆಯ ಜೊಂಡು.
ಅದರಾಚೆ ಎನಾಮೆಲ್, ಜೇನಿನ ಬಣ್ಣ, ಪದರ ಪದರ.
ಎಟೆಲ್ಕಾ ಕಣ್ಣುಗಾಜಿನೊಳಗಿನ ಮುಳ್ಳನ್ನು ತಿರುಗಿಸಿ ನಿಲ್ಲಿಸಿದಳು.
"ಈ ಗೆರೆ ಹುಟ್ಟಿದ ಗಳಿಗೆಯದು.
ಒಳಗಡೆಯದು ಬಸಿರಲ್ಲಿದ್ದಾಗ ಕಟ್ಟಿದ್ದು,
ಹೊರಗಡೆಯದು ಅಳುತ್ತ ಕಟ್ಟಿದ್ದು.
ಇಲ್ಲಿಂದ ದಿನಕ್ಕೊಂದು ಗೀಟು. ಎಣಿಸು."

ಎಣಿಸಿದೆ. ಕಣ್ಣು ನೀರಾಡಿ ಲೆಕ್ಕ ತಪ್ಪಿತು.
ಮತ್ತೆ ಎಣಿಸಿದೆ.
ಇನ್ನೂರ ಹನ್ನೆರಡನೇ ದಿನ ಒಂದು ಕಪ್ಪು ಗೆರೆ,
ಹುಟ್ಟಿನ ಗೆರೆಗಿಂತ ದಪ್ಪ.
ಅಲ್ಲಿಂದ ಹತ್ತೊಂಬತ್ತು ಗೀಟು ಬಡಕಲು, ಒತ್ತೊತ್ತಾಗಿ,
ಆಮೇಲೆ ಮತ್ತೆ ತುಂಬಿಕೊಂಡಿತ್ತು.

ಏನಾಗಿತ್ತು? ಜ್ವರವೇ? ಎದೆಹಾಲು ಬತ್ತಿತೇ?
ತಾಯಿಯೇ ಏನಾದರೂ—
"ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ," ಅಂದಳು ಎಟೆಲ್ಕಾ.
"ಬರೆ, ಇನ್ನೂರ ಹನ್ನೆರಡು. ಕೆಳಗೆ ನಿನ್ನ ಸಹಿ."
ಬರೆದೆ.
ಕಾಫಿ ಕಾಸಲು ಹೊರಟವಳು ಬಾಗಿಲಲ್ಲಿ ನಿಂತು,
"ಹತ್ತೊಂಬತ್ತು ರಾತ್ರಿ ಯಾರೋ ಎತ್ತಿಕೊಂಡಿದ್ದಾರೆ ಅದನ್ನ,"
ಅಂದು ಹೋದಳು.

ಮುಂದಿನ ಹಲ್ಲು ನನ್ನ ಕೈಗೇ ಕೊಟ್ಟಳು.
ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಅನ್ನುತ್ತ ಅನ್ನುತ್ತ
ಬೆರಳಡಿಯಲ್ಲಿ ಏನೂ ತಡೆಯದಾಯಿತು.
ಗಾಜಿನ ಮೇಲೆ ಹಾಲಿನಂಥ ನೀರು.
ಬೈಗುಳಕ್ಕೆ ಕಾದೆ.
ಅವಳು ತನ್ನ ಹೆಬ್ಬೆರಳು ಚಾಚಿದಳು:
ನುಣುಪು. ಒಂದು ಸುಳಿಯಿಲ್ಲ, ಒಂದು ಗೆರೆಯಿಲ್ಲ.
ಹೋದ ಚಳಿಗಾಲ ಗುರುತಿನ ಚೀಟಿಯ ಕಚೇರಿಯಲ್ಲಿ
ಯಂತ್ರ ಮೂರು ಸಲ ಹೇಳಿತಂತೆ, ಬೆರಳು ಇಡಿ.
ಬೆರಳು ಇಡಿ. ಬೆರಳು ಇಡಿ.
"ಇಟ್ಟೇ ಇದ್ದೀನಲ್ಲಪ್ಪಾ!"
ಸಾಲಿನವರೆಲ್ಲ ನಕ್ಕರಂತೆ. ಇವಳೂ.

ರಿಜಿಸ್ಟರಿನಲ್ಲಿ 'ನಷ್ಟ' ಎಂದು ತಾನೇ ಬರೆದು
ಹಲಗೆ ತೊಳೆಯಲು ಕೊಟ್ಟಳು.
ನಲ್ಲಿ ತಿರುಗಿಸಿದೆ. ನಿಲ್ಲಿಸಿದೆ.
ಸ್ವಲ್ಪ ಹೊತ್ತಿನ ಮೇಲೆ
ಮತ್ತೆ ತಿರುಗಿಸಿದೆ.